ಗೃಹಪಥದೋಷ ಪ್ರಕರಣ

ಹೊಯ್ಸಳರ ಸೀಮೆಯಲ್ಲಿ ಕುಳಿತು ಶಾಸ್ತ್ರ ಬರೆಯುವವನು ಕೇಶಿರಾಜನ ಕ್ರಮ ಬಿಟ್ಟರೆ ಪಂಡಿತರು ಒಪ್ಪರು. 13ನೇ ಶತಮಾನದಲ್ಲಿ ಆತ ಕನ್ನಡ ವ್ಯಾಕರಣಕ್ಕೆ ಮಾಡಿದಂತೆ ಮೊದಲು ಸೂತ್ರ, ಆಮೇಲೆ ವೃತ್ತಿ, ಜೊತೆಗೆ ಪ್ರಯೋಗ. ಸೂತ್ರ ಇಷ್ಟೇ: ಬಳಸುವವನ ಮನೆ ಎಲ್ಲಿದೆಯೆಂದು ಪ್ರೋಗ್ರಾಂ ಬರೆಯುವವನು ಹೇಳಬಾರದು, ಕೇಳಬೇಕು. ಕೇಳದೆ ಹೋಮ್ ಡೈರೆಕ್ಟರಿಯ ಹಾದಿಯನ್ನು ಕೋಡಿನಲ್ಲೇ ಕೆತ್ತಿಬಿಡುವುದು ಗೃಹಪಥದೋಷ. ಅದು ಐದು ಬಗೆ.

ಮೊದಲನೆಯದು ಸ್ವನಾಮಾಂಕಿತ. ಪ್ರಯೋಗ: ಬೆಂಗಳೂರಿನಲ್ಲಿ ಕೆಲಸಕ್ಕಿರುವ ಬಾಣಾವರದ ಹುಡುಗನೊಬ್ಬ ಹಬ್ಬಕ್ಕೆ ಊರಿಗೆ ಬಂದು, ಸೋದರಮಾವನ ಕೊಬ್ಬರಿ ಮಂಡಿಯ ಲಿನಕ್ಸ್ ಕಂಪ್ಯೂಟರಿಗೆ ಬ್ಯಾಕಪ್ ಸ್ಕ್ರಿಪ್ಟ್ ಹಾಕಿಕೊಟ್ಟ ಎನ್ನಿ. ಅದರೊಳಗೆ ಅವನ ಲ್ಯಾಪ್‌ಟಾಪಿನದೇ ಹಾದಿ: ‘/ಹೋಮ್/ಮಂಜು/ಬ್ಯಾಕಪ್’. ಮಂಡಿಯಲ್ಲಿ ಮಂಜು ಎಂಬ ಬಳಕೆದಾರನೇ ಇಲ್ಲ. ಸ್ಕ್ರಿಪ್ಟ್ ಕೂಗಿಕೊಂಡು ನಿಂತಿದ್ದರೆ ಪುಣ್ಯ. ರೂಟ್ ಅಧಿಕಾರದಲ್ಲಿ ಓಡುವ ‘ಎಂಕೆಡಿರ್ -ಪಿ’ ಇಲ್ಲದ ಫೋಲ್ಡರುಗಳನ್ನೆಲ್ಲ ಸೃಷ್ಟಿಸಿಕೊಳ್ಳುತ್ತದೆ. ವರ್ಷದ ಲೆಕ್ಕವೆಲ್ಲ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂರುತ್ತದೆ. ಮಾವ ತಮ್ಮ ಫೋಲ್ಡರ್ ತೆರೆದು ಖಾಲಿ ಕಂಡು, ಹುಡುಗನ ಓದಿಗೆ ಸುರಿದ ದುಡ್ಡಿನ ಮಾತೆತ್ತುತ್ತಾರೆ.

ಎರಡನೆಯದು ಅರ್ಧಜ್ಞಾನ. ಇದಕ್ಕೇ ನಾನು ಹೆಚ್ಚು ಹೆದರುವುದು. ಈ ಬಗೆಯ ಕೋಡು ಬಳಕೆದಾರನ ಹೆಸರನ್ನು ಕೇಳಿಕೊಂಡು ಅದರ ಹಿಂದೆ ‘/ಹೋಮ್/’ ಅಂಟಿಸುತ್ತದೆ. ಬಹಳಷ್ಟು ಕಡೆ ನಡೆದುಹೋಗುವುದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ ರೂಟ್‌ನ ಮನೆ ‘/ರೂಟ್’. ಮ್ಯಾಕ್‌ನಲ್ಲಿ ಎಲ್ಲರೂ ‘/ಯೂಸರ್ಸ್’ನಲ್ಲಿ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಆಗಿದ್ದದ್ದು ವಿಸ್ತಾ ಬಂದಾಗ ‘ಯೂಸರ್ಸ್’ ಆಯಿತು. ಹೊಯ್ಸಳ ಅರಸರ ಮನೆಯೇ ಒಂದೆಡೆ ನಿಲ್ಲಲಿಲ್ಲ: 1311ರಲ್ಲಿ ಮಲಿಕ್ ಕಾಫರ್ ದೋರಸಮುದ್ರದ ಮೇಲೆ ದಂಡೆತ್ತಿ ಬಂದ, ಮುಂದೆ ಮೂರನೆಯ ಬಲ್ಲಾಳನ ನೆಲೆವೀಡು ತಿರುವಣ್ಣಾಮಲೆಗೆ ಹೋಯಿತು. ದೋರಸಮುದ್ರದ ಹಾದಿಯೊಂದನ್ನೇ ಬಾಯಿಪಾಠ ಮಾಡಿಕೊಂಡ ಓಲೆಕಾರ ಆಮೇಲೆ ಓಲೆಯನ್ನು ಯಾರ ಕೈಗೆ ಕೊಟ್ಟಾನು?

ಮೂರನೆಯದು ಚಿಹ್ನಾಭ್ರಾಂತಿ. ‘~’ ಗುರುತನ್ನು ಮನೆಯೆಂದು ಬಿಡಿಸಿ ಓದುವುದು ಶೆಲ್‌ನ ಕೆಲಸ. ಸಿ ಭಾಷೆಯ ‘ಎಫ್‌ಓಪನ್’ಗೆ ಅದು ಬರೀ ಅಕ್ಷರ, ಶೆಲ್‌ನಲ್ಲೂ ಉದ್ಧರಣ ಚಿಹ್ನೆಯೊಳಗಿಟ್ಟರೆ ಅಷ್ಟೇ. ಹಾಗೆ ಉದ್ಧರಣ ಚಿಹ್ನೆಯೊಳಗಿಟ್ಟು ‘ಎಂಕೆಡಿರ್ -ಪಿ’ಗೆ ಕೊಟ್ಟರೆ ‘~’ ಎಂಬ ಹೆಸರಿನದೇ ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಅದನ್ನು ಅಳಿಸಹೊರಟವನು ಉದ್ಧರಣ ಚಿಹ್ನೆ ಮರೆತನೋ, ಅಳಿಯುವುದು ನಿಜವಾದ ಮನೆ.

ನಾಲ್ಕನೆಯದು ಪರಗೃಹವಾಸ. ಉಬುಂಟು 19.10ಕ್ಕೆ ಮುಂಚೆ ರೂಟ್ ಅಧಿಕಾರಕ್ಕೆ ‘ಸುಡೊ’ ಹಾಕಿದರೂ ‘ಹೋಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲ ಬಳಕೆದಾರನ ಮನೆಯನ್ನೇ ತೋರಿಸುತ್ತಿತ್ತು. ರೂಟ್ ಒಡೆತನದ ಫೈಲುಗಳು ಅವನ ಮನೆಯಲ್ಲಿ ಬೀಡುಬಿಟ್ಟು, ಮನೆಯವನಿಗೇ ಮುಟ್ಟಗೊಡುತ್ತಿರಲಿಲ್ಲ. ಇದು ಕೆತ್ತಿದ ಹಾದಿಯಲ್ಲ ಎಂಬ ಆಕ್ಷೇಪ ಸರಿಯೇ, ಆದರೂ ಶಾಸ್ತ್ರಕ್ಕೆ ಐದು ಬೇಕು.

ಐದನೆಯದು ನಿರ್ಗೃಹ: ಮನೆಯೇ ಇಲ್ಲದವನಿಗೂ ಮನೆಯಿದೆ ಎಂದುಕೊಳ್ಳುವುದು. ಡೆಬಿಯನ್‌ನಲ್ಲಿ ‘ನೋಬಡಿ’ ಎಂಬ ಬಳಕೆದಾರನ ಮನೆ ‘/ನಾನ್‌ಎಕ್ಸಿಸ್ಟೆಂಟ್’ ಎಂದೇ ದಾಖಲಾಗಿದೆ. ಇಷ್ಟು ಪ್ರಾಮಾಣಿಕ ದಾಖಲೆ ಯಾವ ಪಹಣಿಯಲ್ಲೂ ಸಿಗದು. ಹಿನ್ನೆಲೆಯಲ್ಲಿ ಓಡುವ ಸೇವೆಗಳಿಗೆ ಮನೆಯ ಹಂಗೇ ಬೇಡ. ಅವುಗಳ ಸಾಮಾನಿಗೆ ‘/ವಾರ್/ಲಿಬ್’ ಇದೆ.

ಪ್ರಾಯಶ್ಚಿತ್ತ: ಮೊದಲು ‘ಹೋಮ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕೇಳುವುದು. ಅದಿಲ್ಲದಿದ್ದರೆ ‘ಗೆಟ್‌ಪಿಡಬ್ಲ್ಯುಯುಐಡಿ’ಯ ಮೂಲಕ ವ್ಯವಸ್ಥೆಯ ಬಳಕೆದಾರರ ಪಟ್ಟಿ ಕೇಳುವುದು, ಅಲ್ಲಿ ಪ್ರತಿ ಬಳಕೆದಾರನ ಹೆಸರಿಗೂ ಮನೆಯ ಹಾದಿ ಬರೆದಿರುತ್ತದೆ. ಎರಡೂ ಕೈಕೊಟ್ಟರೆ ಊಹೆಗಿಳಿಯದೆ ದೋಷಸಂದೇಶ ಕೊಟ್ಟು ನಿಲ್ಲುವುದು. ‘/ಟಿಎಂಪಿ’ಗೆ ಬರೆದು ಕೈತೊಳೆದುಕೊಳ್ಳುವವರಿದ್ದಾರೆ, ಎಷ್ಟೋ ಕಂಪ್ಯೂಟರುಗಳಲ್ಲಿ ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಅಲ್ಲಿದ್ದದ್ದು ಇರುವುದಿಲ್ಲ.