ಬೋನಿನೊಳಗಿನ ಮಾತುಕತೆ

ಸಂಧಾನದಲ್ಲಿ ಹಾಸ್ಯಕ್ಕೇನು ಕೆಲಸ ಎಂದು ಕೇಳುವವರು ಗುಂಡ್ಲುಪೇಟೆಗೆ ಬರಲಿ. ಇಲ್ಲಿ ಬೇರೇನೂ ನಡೆಯುತ್ತಿಲ್ಲ.

ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಊರುಗಳಲ್ಲಿ ಹುಲಿ ಹಸು ಹೊಡೆಯುತ್ತದೆ. ಸಭೆ ಸೇರುತ್ತದೆ. ರೈತ ಕೂಗುತ್ತಾನೆ, ಟೀ ಬರುತ್ತದೆ, ಅಧಿಕಾರಿಗಳು 'ಸೂಕ್ತ ಕ್ರಮ' ಎನ್ನುತ್ತಾರೆ. ಇಷ್ಟು ದೊಡ್ಡ ಜೋಕಿಗೆ ಒಬ್ಬನೂ ನಗುವುದಿಲ್ಲ.

ಬೆಟ್ಟಕ್ಕೆ ನಮ್ಮ ಗಾಡಿ ಹತ್ತುವಂತಿಲ್ಲ. ಬುಡದಲ್ಲಿಳಿದು ಸರ್ಕಾರಿ ಬಸ್ಸು ಹಿಡಿಯಬೇಕು. ಪ್ರಾಣಿಗಳಿಗೆ ತೊಂದರೆಯಂತೆ. ಒಪ್ಪಿದೆವು. ಅದೇ ಬೆಟ್ಟದಲ್ಲಿ 2025ರ ಏಪ್ರಿಲ್‌ನಲ್ಲಿ ಮಲಯಾಳಂ ಸಿನಿಮಾ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಿತು. ಕ್ಯಾಮೆರಾ ಇದ್ದರೆ ಪ್ರಾಣಿಗಳಿಗೆ ತೊಂದರೆಯಿಲ್ಲ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇದೇ ತಾಲ್ಲೂಕಿನ ಬೊಮ್ಮಲಾಪುರದವರು ತಾವೇ ಒಂದು ತಮಾಷೆ ಮಾಡಿದರು. ಇಟ್ಟ ಬೋನಿಗೆ ಹುಲಿ ಬೀಳಲಿಲ್ಲ. ತಡವಾಗಿ ಬಂದ ಅರಣ್ಯ ಸಿಬ್ಬಂದಿಯನ್ನೇ ಒಳಗೆ ತಳ್ಳಿ ಬಾಗಿಲು ಹಾಕಿದರು. ಮೇಲಧಿಕಾರಿಗಳು ಧಾವಿಸಿದರು. ಮಾತುಕತೆಯಾಯಿತು. ಬಾಗಿಲು ತೆರೆಯಿತು. ಆಮೇಲೆ ಜನರ ಮೇಲೆ ಕೇಸು ಬಿತ್ತು.

ಕೂಡಿಹಾಕಿದ್ದು ತಪ್ಪೇ. ಹುಲಿ ಬಂದಾಗ ಇಲಾಖೆ ತಡ. ಕೇಸು ಮಾತ್ರ ತಡವಾಗಲಿಲ್ಲ. ಇನ್ನೊಂದು ಮಾತು: ಬೋನಿನಲ್ಲಿ ನಿಂತವರು ಸಂಬಳಕ್ಕೆ ಕಾಡು ಅಲೆಯುವ ನೌಕರರು. ಕಡತದ ಮೇಲೆ ಕೂತವರ ಅಳತೆಯ ಬೋನನ್ನು ಇನ್ನೂ ಯಾರೂ ಮಾಡಿಸಿಲ್ಲ.

ಸೆರೆಯಲ್ಲೂ ನಗಬಹುದು ಎಂಬುದಕ್ಕೆ ಹಳೆಯ ಕಥೆಯೊಂದಿದೆ. 1997ರಲ್ಲಿ ಈ ಬೆಟ್ಟವಿರುವ ಬಂಡೀಪುರದ ಕಾಡಂಚಿನಿಂದ ಕಾಡುಗಳ್ಳ ವೀರಪ್ಪನ್ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ-ಸೇನಾನಿಯವರನ್ನು ಹೊತ್ತೊಯ್ದ. 14 ದಿನ ಸೆರೆ. ಹೊರಬಂದು ಅವರು ಬರೆದ ಪುಸ್ತಕ ಓದಿ ನೋಡಿ, ನಗು ತಡೆಯಲಾಗುವುದಿಲ್ಲ. ಕೋವಿಯ ಎದುರಿನಲ್ಲೂ ಹರಟೆ, ಕೀಟಲೆ. ಆನೆ ಕೊಂದವನ ಗುಂಪಿಗೂ ತಮಾಷೆ ತಿಳಿಯುತ್ತಿತ್ತು. ಆನೆ ಕಾಯುವ ಇಲಾಖೆಗೆ ತಿಳಿಯದು.

ವೀರಪ್ಪನ್‌ನನ್ನು ಹೊಗಳುತ್ತಿಲ್ಲ. ಕೊಲೆಗಡುಕ. 2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು 108 ದಿನ ಒತ್ತೆಯಿಟ್ಟುಕೊಂಡ. ಕಾವೇರಿ ನೀರು, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಎಂದು ಪಟ್ಟಿ ಕಳಿಸಿದ. ದಂತಚೋರನಿಗೆ ನೀರಾವರಿ ಖಾತೆ! ಆಗ ಕರ್ನಾಟಕಕ್ಕೆ ಎಸ್.ಎಂ. ಕೃಷ್ಣ, ತಮಿಳುನಾಡಿಗೆ ಕರುಣಾನಿಧಿ ಮುಖ್ಯಮಂತ್ರಿಗಳು. ನಗದೆ ಕೂತು ಉತ್ತರ ಕೊಟ್ಟರು. ಸರ್ಕಾರಕ್ಕೆ ಕಿವಿ ಇಲ್ಲವೆಂದು ಯಾರು ಹೇಳಿದ್ದು? ಚೆನ್ನಾಗಿಯೇ ಕೇಳಿಸುತ್ತದೆ. ಕೇಳುವವನ ಕೈಯಲ್ಲಿ ಕೋವಿ ಇರಬೇಕು, ಅಷ್ಟೆ.

ರೈತನ ಕೈಯಲ್ಲಿರುವುದು ಅರ್ಜಿ. ಅದಕ್ಕೇ 'ಪರಿಶೀಲಿಸುತ್ತೇವೆ'.

ಮುಂದಿನ ಸಭೆಗೆ ಹೋಗುವವರಿಗೆ ಒಂದು ಕೋರಿಕೆ. ಬೋನಿನ ತಂಟೆಗೆ ಹೋಗಬೇಡಿ. ಪರಿಹಾರ ಯಾವ ತಾರೀಕಿಗೆ, ಬರೆದು ಕೊಡಿ ಎನ್ನಿ. 'ಸೂಕ್ತ ಕ್ರಮ' ಎಂದರೋ, ಇಡೀ ಊರು ಒಟ್ಟಿಗೆ ಗಟ್ಟಿಯಾಗಿ ನಕ್ಕುಬಿಡಿ. ನಗುವವರ ಮೇಲೆ ಹಾಕಲು ಸೆಕ್ಷನ್ ಇನ್ನೂ ಬಂದಿಲ್ಲ.