ಮೂರು ಕೂಗಿನ ಮಡಿ

(ಮದರಾಸಿನ ಪೆರಂಬೂರಿನಲ್ಲಿ ಒಂದು ಮನೆ. ತಾತ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯಿಂದ ನಿವೃತ್ತರು. ಮೊಮ್ಮಗಳು ವೀಣಾಗೆ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಸಲಕರಣೆಗಳನ್ನು ಕ್ರಿಮಿಶುದ್ಧ ಮಾಡುವ ಕೆಲಸ. ಅಡುಗೆಮನೆಯಲ್ಲಿ ಕುಕ್ಕರ್ ಆಗಷ್ಟೇ ಆರಿದೆ.)

ವೀಣಾ: ಅಜ್ಜೀ, ಕುಕ್ಕರಿನಲ್ಲಿ ಇದೇನು ಮುದ್ದೆಯಾಗಿ ಬಿದ್ದಿದೆ?

ಅಜ್ಜಿ: ಉಪ್ಪಿನಕಾಯಿ ಡಬ್ಬಿ ಕಣೇ! ಪೇಪರ್ ಮಿಲ್ಸ್ ರೋಡಿನಲ್ಲಿ ತಂದದ್ದು. ಮಡಿ ಆಗ್ಲಿ ಅಂತ ಮೂರು ಕೂಗು ಕೂಗಿಸಿದೆ. ಅಂಗಡಿಯವನು "ಉಡೆಯಾದು ಮಾಮೀ" ಅಂತ ಆಣೆ ಇಟ್ಟಿದ್ದ.

ವೀಣಾ: ಅವನು ಸುಳ್ಳು ಹೇಳಿಲ್ಲ. ಒಡೆದಿಲ್ಲವಲ್ಲ, ಸುರುಟಿಕೊಂಡಿದೆ ಅಷ್ಟೆ.

ಅಜ್ಜಿ: ನಿಮ್ಮ ಆಟೋಕ್ಲೇವೂ ನಮ್ಮ ಕುಕ್ಕರೂ ಒಂದೇ ಅಂದವಳು ನೀನೇ ತಾನೆ?

ವೀಣಾ: ಹೌದು, ಎರಡರಲ್ಲೂ ಒತ್ತಡಕ್ಕೆ ಹಬೆ ಸುಮಾರು 121 ಡಿಗ್ರಿಗೆ ಏರುತ್ತೆ. ನಮ್ಮಲ್ಲಿ 134ಕ್ಕೂ ಏರಿಸ್ತೀವಿ. ನಿನ್ನದು ನೀರಿನ ಬಾಟಲಿ ಮಾಡೋ ಪೆಟ್ ಅನ್ನೋ ಪ್ಲಾಸ್ಟಿಕ್ಕಿನ ಡಬ್ಬಿ. 80 ಡಿಗ್ರಿ ಹತ್ತಿರಕ್ಕೇ ಮೆತ್ತಗಾಗುತ್ತೆ.

ಅಜ್ಜಿ: ಮತ್ತೆ ನಿಮ್ಮಲ್ಲಿ ಕತ್ತರಿ ಇಡೋ ಪೆಟ್ಟಿಗೆಗೆ ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳ ಅಂದೆ?

ವೀಣಾ: ಅದರ ಜಾತಿ ಬೇರೆ. ಪಾಲಿಕಾರ್ಬೊನೇಟ್ ಅಂತ ಒಂದಿದೆ. ಸುಮಾರು 145 ಡಿಗ್ರಿವರೆಗೂ ಬಗ್ಗಲ್ಲ. ಆದರೆ ಪ್ರತಿ ಸಲವೂ ಹಬೆಯ ನೀರು ಒಳಹೊಕ್ಕು ಅದರ ಅಣುಗಳ ಸರಪಳಿ ಕಡಿಯುತ್ತೆ. ಬರ್ತಾ ಬರ್ತಾ ಮಬ್ಬಾಗಿ ಬಿರುಕು ಬಿಡುತ್ತೆ.

ಅಜ್ಜಿ: ಬಿಸಿ ತಡೀತು, ಒದ್ದೆ ತಡೀಲಿಲ್ಲ ಅನ್ನು. ಈ ಮದರಾಸಿನಲ್ಲಿ ನಾವೂ ಹಾಗೇ ಅಲ್ವೇ, ಬಿಸಿಲಿಗಿಂತ ಬೆವರಿಗೇ ಸಾಯೋದು!

ವೀಣಾ: ಅದಕ್ಕೇ ಪಾಲಿಸಲ್ಫೋನ್ ಬಂತು. 1965ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ತಂದದ್ದು. ಅದರ ತಮ್ಮ ಪಾಲಿಫಿನೈಲ್‌ಸಲ್ಫೋನ್ ಇನ್ನೂ ಗಟ್ಟಿ. ಸಾವಿರ ಸಲ ಹಬೆಗೆ ಹಾಕಿದರೂ ಜಗ್ಗಲ್ಲ. ಬಣ್ಣ ಸ್ವಲ್ಪ ಜೇನಿನದು, ಬೆಲೆ ಮಾತ್ರ ಕೇಳಬೇಡ.

ತಾತ (ನಡುಮನೆಯಿಂದ): ಇದೇ ಪೆರಂಬೂರಿನ ರೈಲ್ವೇ ಆಸ್ಪತ್ರೆಯಲ್ಲಿ 1975ರಲ್ಲಿ ಡಾಕ್ಟರ್ ಚೆರಿಯನ್ ದೇಶದ ಮೊದಲ ಬೈಪಾಸ್ ಮಾಡಿದರು. ಹೃದಯ ರಿಪೇರಿ ಮಾಡಿದ ಊರಿನಲ್ಲಿ ನಿಮಗೆ ಒಂದು ಉಪ್ಪಿನಕಾಯಿ ಡಬ್ಬಿ ಉಳಿಸಿಕೊಳ್ಳೋಕಾಗಲಿಲ್ಲ!

ಅಜ್ಜಿ: ನೀವು ಸುಮ್ಮನಿರಿ. ಅಲ್ವೇ ವೀಣಾ, ಸ್ಟೀಲ್ ಪೆಟ್ಟಿಗೆ ಇರುವಾಗ ಅಷ್ಟು ದುಡ್ಡು ಸುರಿದು ಒಳಗಡೆ ಕಾಣೋ ಮುಚ್ಚಳ ಯಾಕೆ?

ವೀಣಾ: ಬರೀ ನೋಡೋಕೆಂದು ಪೆಟ್ಟಿಗೆ ತೆರೆದರೆ ಶುದ್ಧಿ ಕೆಟ್ಟಿತು, ಮತ್ತೆ ಹಬೆಗೆ ಹಾಕಬೇಕು. ಒಳಗಡೆ ಕಾಣೋ ಹಾಗಿದ್ದರೆ ಮುಚ್ಚಳ ಮುಟ್ಟದೇ ಏನಿದೆ, ಏನಿಲ್ಲ ಅಂತ ನೋಡಬಹುದು.

ಅಜ್ಜಿ: ನಾನೂ ಅದಕ್ಕೇ ಕಣೇ ಆ ಡಬ್ಬಿ ತಂದದ್ದು! ಬಿ.ಪಿ. ಇಟ್ಟುಕೊಂಡು ಇವರು ದಿನಕ್ಕೆ ಎಷ್ಟು ಹೋಳು ಕದೀತಾರೆ ಅಂತ ಲೆಕ್ಕ ಇಡೋಕೆ.

ತಾತ (ಓಡಿಬಂದು): ನೋಡು ಮಗೂ, ಈ ಪ್ಲಾಸ್ಟಿಕ್ ಸಹವಾಸವೇ ಬೇಡ. ಹಳೇ ಪಿಂಗಾಣಿ ಜಾಡಿ ಅಟ್ಟದ ಮೇಲಿದೆ, ಈಗಲೇ ಇಳಿಸ್ತೀನಿ.

ವೀಣಾ: ಜಾಡಿಯಲ್ಲಿ ಒಳಗಿರೋದು ಕಾಣಲ್ಲ ತಾತ.

ತಾತ: ಅದೇ ಕಣಮ್ಮ ಅದರ ದೊಡ್ಡ ಗುಣ!