ರಕ್ತರಾತ್ರಿಗೆ ಐವತ್ತೊಂದು ರೂಪಾಯಿ

ದೇವಸಮುದ್ರ ಮೊಳಕಾಲ್ಮೂರು ತಾಲ್ಲೂಕಿನ ಹೋಬಳಿ ಕೇಂದ್ರ. ಬಡಗಣಕ್ಕೆ ಬಳ್ಳಾರಿ ಸೀಮೆ, ಮೂಡಣಕ್ಕೆ ಆಂಧ್ರದ ರಾಯದುರ್ಗ. ಮಳೆಯನ್ನು ನಂಬುವಂತಿಲ್ಲ, ಶೇಂಗಾದ ಬೆಲೆಯನ್ನಂತೂ ಕೇಳುವಂತಿಲ್ಲ. ನಾಟಕದ ಹುಚ್ಚು ಇವೆರಡಕ್ಕೂ ಸೊಪ್ಪು ಹಾಕುವುದಿಲ್ಲ. ಇಲ್ಲಿನ ನಾಟಕಪ್ರಿಯರಲ್ಲಿ ಪಾರ್ಟು ಮಾಡಿದವರಿದ್ದಾರೆ, ಪಾರ್ಟು ಸಿಗದೆ ವಿಮರ್ಶಕರಾದವರೂ ಇದ್ದಾರೆ.

ಶೇಂಗಾ ಕಿತ್ತು ಮನೆ ಸೇರಿದ ಮೇಲೆ ತಾಲೀಮು. ಮೇಷ್ಟ್ರು ಕಾಲು ಹಾರ್ಮೋನಿಯಂ ಸಮೇತ ಬಂದಿಳಿಯುತ್ತಾರೆ. ಪಾರ್ಟು ಹಂಚುವಾಗ ಕಂಠದ ಜೊತೆಗೆ ಜೇಬನ್ನೂ ನೋಡಬೇಕು. ಸೀನರಿ, ಡ್ರೆಸ್ಸು, ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆ, ಎಲ್ಲಕ್ಕೂ ಪಾತ್ರಧಾರಿಗಳೇ ಪಟ್ಟಿ ಹಾಕಬೇಕಲ್ಲ! ಹೀಗಾಗಿ ದುರ್ಯೋಧನನ ಪಾರ್ಟು ದೊಡ್ಡ ಹಿಡುವಳಿಯ ಕಡೆಗೇ ವಾಲುವುದುಂಟು. ಸೂಜಿಮೊನೆಯಷ್ಟು ನೆಲ ಬಿಡದವನ ಪಾತ್ರಕ್ಕೆ ಅದು ತಕ್ಕದ್ದೇ.

ಇದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಜನ ಸೇರುವ ‘ಸಮಾಜ’ಗಳಲ್ಲಿ ದೋಷವೇ ಹೆಚ್ಚು, ಅವನ್ನು ನಡೆಸಬಾರದು ಎಂದು ಚಕ್ರವರ್ತಿ ಬೇರೆ ಕಡೆ ಬರೆಸಿದ್ದಾನೆ. ಆ ಆಜ್ಞೆ ಕರ್ನೂಲು ಕಡೆಯ ಎರ್ರಗುಡಿಯ ಬಂಡೆಯ ಮೇಲಿದೆಯೇ ಹೊರತು ಮೊಳಕಾಲ್ಮೂರಿನ ಬಂಡೆಗಳ ಮೇಲಿಲ್ಲ. ಇಲ್ಲಿರುವುದು ತಂದೆತಾಯಿಯ ಮಾತು ಕೇಳು, ಸತ್ಯ ನುಡಿ, ಶಿಷ್ಯ ಗುರುವನ್ನು ಗೌರವಿಸಲಿ ಎಂಬ ಉಪದೇಶ. ಕೊನೆಯದನ್ನು ನಾಟಕದ ಮೇಷ್ಟ್ರ ವಿಷಯದಲ್ಲಿ ಊರು ಚಾಚೂ ತಪ್ಪದೆ ಪಾಲಿಸುತ್ತದೆ, ಸಂಭಾವನೆಯ ಬಾಕಿಯೊಂದನ್ನು ಬಿಟ್ಟು.

ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ ಈ ಭಾಗದ ಜೀವ. ಹ್ಯಾಂಡ್‌ಬಿಲ್ಲಿನಲ್ಲಿ ರಾತ್ರಿ ಹತ್ತು ಗಂಟೆ ಅಂತಿದ್ದರೆ ಪರದೆ ಏಳುವುದು ಹನ್ನೊಂದೂವರೆಗೆ. ಶಕುನಿಯ ಪಾರ್ಟಿನವನು ಒಂದು ಕಾಲು ಎಳೆದು, ದಾಳ ತಿಕ್ಕಿ, ಹಲ್ಲು ಬಿಟ್ಟನೆಂದರೆ ಹಿಂದಿನ ಸಾಲಿನಲ್ಲಿ ಮಲಗಿದ್ದ ಹುಡುಗರೂ ಎದ್ದು ಕೂರುತ್ತಾರೆ. ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಎದೆ ಬಡಿದುಕೊಂಡು ಅಳುವಾಗ ಮೈಕು ಗೊರಗೊರ ಎಂದು, ಇಂಥವರ ಮಾವನವರಿಂದ ಭೀಮನ ಪಾತ್ರಧಾರಿಗೆ ಐವತ್ತೊಂದು ರೂಪಾಯಿ ಆಯೇರಿ ಎಂದು ಸಾರುತ್ತದೆ. ದ್ರೌಪದಿ ಅಳು ನಿಲ್ಲಿಸಿ ಕಾಯುತ್ತಾಳೆ. ಭೀಮ ಬಂದು ನೋಟು ಚುಚ್ಚಿಸಿಕೊಂಡು, ಕೈಮುಗಿದು ಒಳಗೆ ಹೋದ ಮೇಲೆ ಶೋಕ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪಾತ್ರದಲ್ಲಿ ತನ್ಮಯತೆ ಎಂಬುದರ ನಿಜವಾದ ಪರೀಕ್ಷೆ ಇದು. ನಗರದ ನಟರಿಗೆ ಇದರ ಅನುಭವ ಸಾಲದು.

ಬೆಳಗಿನ ಜಾವದ ಚಹಾದಂಗಡಿಯಲ್ಲಿ ಬದುಕಿರುವ ನಟರಿಗೆ ಅಂಕ ಸಿಗುವುದಿಲ್ಲ. ಅಲ್ಲಿ ತೀರಿಹೋದವರದೇ ದರ್ಬಾರು. ಹಗಲು ಕೋರ್ಟಿನಲ್ಲಿ ವಾದಿಸಿ ರಾತ್ರಿ ಬಣ್ಣ ಹಚ್ಚುತ್ತಿದ್ದ ಬಳ್ಳಾರಿ ರಾಘವ (1880–1946) ನೆರೆಯವರಾದ್ದರಿಂದ ಮೊದಲ ಮರ್ಯಾದೆ ಅವರಿಗೆ. ರಂಗಗೀತೆಯ ಮಾತು ಬಂದರೆ 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರ್. ನಗಿಸುವವರ ಪಟ್ಟಿಗೆ ಮಾತ್ರ ಮುಗಿವಿಲ್ಲ. ಕಂಪನಿ ನಾಟಕದಿಂದ ಬಂದು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಜೊತೆ ಬೆಳ್ಳಿತೆರೆ ಏರಿದ ನರಸಿಂಹರಾಜು 1979ರಲ್ಲಿ ಹೋದರು. ‘ಲಂಚಾವತಾರ’ದಲ್ಲಿ ಅಂದಂದಿನ ಸುದ್ದಿಯನ್ನು ಅಂದಂದೇ ಸೇರಿಸಿ ಮಂತ್ರಿಗಳ ನಿದ್ದೆ ಕೆಡಿಸುತ್ತಿದ್ದ ಮಾಸ್ಟರ್ ಹಿರಣ್ಣಯ್ಯ 2019ರಲ್ಲಿ. ಬರೆದ ಮಾತನ್ನು ಬಿಟ್ಟು ಆಡುವುದು ಅವರಿಗೆ ಒಲಿದ ವಿದ್ಯೆ. ಊರಿನ ಹಾಸ್ಯಪಾತ್ರಧಾರಿಯೂ ಹಾಗೇ ಆಡುತ್ತಾನೆ, ಆದರೆ ಮಾತು ಮರೆತಾಗ.

ಎಲ್ಲರಿಗಿಂತ ಮೇಲೆ ಗುಬ್ಬಿ ವೀರಣ್ಣ (1891–1972). ‘ಸದಾರಮೆ’ಯ ಕಳ್ಳನಾಗಿ ನಾಡನ್ನೆಲ್ಲ ನಗಿಸಿದವರು, 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದವರು. ಆ ಆನೆಯನ್ನು ಕಣ್ಣಾರೆ ಕಂಡೆನೆನ್ನುವವರು ಈ ಸೀಮೆಯಲ್ಲಿ ಈಗಲೂ ಸಿಗುತ್ತಾರೆ. ಅವರಿಗೆ ವಯಸ್ಸು ಅರವತ್ತು ದಾಟಿರುವುದಿಲ್ಲ.